ಕಂದೀಲಿನವಳ ದಣಿವು

ಈ ಕಥೆಯನ್ನು ಮೊದಲು ಹೇಳಿದವರು ಹಳೆಯ ಗೇಮ್ ಕನ್ಸೋಲ್‌ಗಳನ್ನು ರಿಪೇರಿ ಮಾಡುವ ಒಬ್ಬ ಹೆಂಗಸು. ಹೇಳಿದ್ದು ಎಂಟು ವರ್ಷಗಳ ಹಿಂದೆ, ಚಳಿಗಾಲದ ಒಂದು ಭಾನುವಾರ ಇಳಿಹೊತ್ತಿನಲ್ಲಿ, ತಮ್ಮ ಅಂಗಡಿಯಲ್ಲೇ, ಷಟರ್ ಅರ್ಧ ಇಳಿಸಿಕೊಂಡು. ಕೇಳಲು ಆರು ಜನರಿದ್ದರು. ಇಬ್ಬರಿಗೆ ಸ್ಟೂಲು ಸಿಕ್ಕಿತ್ತು, ಉಳಿದವರು ಕೆಟ್ಟ ಟೀವಿಗಳ ಮೇಲೆ ಕೂತಿದ್ದರು. ಆಮೇಲೆ ಇದೇ ಕಥೆ ಇನ್ನಿಬ್ಬರ ಬಾಯಲ್ಲೂ ಸಿಕ್ಕಿದೆ. ಒಬ್ಬರ ಪಾಠದಲ್ಲಿ ಹುಡುಗಿ ಕೆಲಸ ಬಿಟ್ಟು ಹೋಗುತ್ತಾಳೆ. ಇನ್ನೊಬ್ಬರ ಪಾಠದಲ್ಲಿ ಹುಡುಗ ಬದುಕಿಕೊಳ್ಳುತ್ತಾನೆ. ರಿಪೇರಿಯವರಿಗೆ ಅದನ್ನು ತಿಳಿಸಿದಾಗ, "ಬದುಕಿದ್ದಿದ್ರೆ ನನಗಿಂತ ಖುಷಿಪಡೋರು ಯಾರೂ ಇರ್ತಿರಲಿಲ್ಲ" ಎಂದಷ್ಟೇ ಅಂದರು. ಆದ್ದರಿಂದ ಇಲ್ಲಿ ಅವರ ಪಾಠವನ್ನೇ ಇಟ್ಟುಕೊಂಡಿದೆ.

ಕಥೆಯ ಇಬ್ಬರಿಗೂ ಆಫೀಸಿನವರು ಇಟ್ಟ ಅಡ್ಡಹೆಸರುಗಳಿದ್ದವು. ಹುಡುಗಿ ಬರೆದ ಪ್ರತಿ ಸಾಲಿನ ಕೆಳಗೂ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು, ಹಾಗಾಗಿ ಅವಳು ಗೆರೆ. ಹುಡುಗನ ಹೆಬ್ಬೆರಳು ಯಾವ ಆಟದಲ್ಲೂ ಒಂದು ಕ್ಷಣ ಹಿಂದೆಮುಂದೆ ಆದದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಅವನು ಗಡಿಯಾರ.

ಅವರ ಆಫೀಸಿನದು ಒಂದೇ ಬಗೆಯ ಕೆಲಸ. ಹಳೆಯ ಕನ್ಸೋಲ್‌ಗಾಗಿ ಕಟ್ಟಿದ ಆಟವೊಂದನ್ನು ಹೊಸ ಕನ್ಸೋಲ್‌ಗೆ ತರುವುದನ್ನು ಪೋರ್ಟ್ ಮಾಡುವುದು ಎನ್ನುತ್ತಾರೆ. ಹಾಗೆ ತಂದ ಆಟ ಮೂಲದ ಹಾಗೇ ಇದೆಯೋ ಇಲ್ಲವೋ ಎಂದು ನೋಡಿ ಹೇಳುವವರು ಬೇಕಲ್ಲ, ಇವರು ಅಂಥವರು. ಒಂದು ಕಿರಿದಾದ ಕೋಣೆ. ಗೋಡೆಗೆಲ್ಲ ಸದ್ದು ಹೀರುವ ಬೂದು ಬಣ್ಣದ ಸ್ಪಂಜು. ಎಡಕ್ಕೆ ಹಳೆಯ ಕನ್ಸೋಲ್, ಅದಕ್ಕೆ ಗಾಜು ಉಬ್ಬಿದ ಹಳೆಯ ಟೀವಿ. ಬಲಕ್ಕೆ ಹೊಸ ಕನ್ಸೋಲ್. ಎಡಗುರ್ಚಿಯವನು ಮೂಲವನ್ನು ಆಡಬೇಕು, ಬಲಗುರ್ಚಿಯವಳು ಪೋರ್ಟನ್ನು ಆಡಬೇಕು. ಒಬ್ಬರು "ಒಂದು, ಎರಡು, ಹೂಂ" ಎನ್ನಬೇಕು. ಹೂಂ ಎಂದಾಗ ಇಬ್ಬರೂ ಒಂದೇ ಗುಂಡಿಯನ್ನು ಒಟ್ಟಿಗೆ ಒತ್ತಬೇಕು. ಎರಡು ಪರದೆಗಳನ್ನೂ ಹಿಂದಿನಿಂದ ಒಂದೇ ಕ್ಯಾಮೆರಾ ಹಿಡಿಯುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರ, ಒಂದೊಂದು ಚಿತ್ರವೂ ಒಂದು ಫ್ರೇಮು. ಆಮೇಲೆ ಫ್ರೇಮಿಗೆ ಫ್ರೇಮು ಹೋಲಿಸಿ, ಕಂಡ ವ್ಯತ್ಯಾಸಗಳನ್ನು ಬರೆಯಬೇಕು.

ಕ್ಯಾಮೆರಾ ಪರದೆಗಳನ್ನು ನೋಡುತ್ತಿತ್ತು. ಕೈಗಳನ್ನು ನೋಡುತ್ತಿರಲಿಲ್ಲ.

ಆಟದ ಹೆಸರು ಕಂದೀಲು. ಮೂವತ್ತು ಮಹಡಿಯ ಪಾಳು ಗೋಪುರ. ಮುರಿದ ಮೆಟ್ಟಿಲುಗಳ ಮೇಲೆ ಕಂದೀಲು ಹಿಡಿದ ಹೆಂಗಸೊಬ್ಬಳು ಹಾರಿ ಹಾರಿ ಹತ್ತುತ್ತಾಳೆ. ತುದಿಯಲ್ಲಿ ಆರಿಹೋದ ದೊಡ್ಡ ದೀಪವನ್ನು ಹಚ್ಚಬೇಕು. ಆಟ ಕಟ್ಟಿದ ಕಂಪನಿ ಎಂದೋ ಮುಚ್ಚಿತ್ತು, ಅದರ ಕೋಡ್ ಕಳೆದುಹೋಗಿತ್ತು. ಪ್ರೋಗ್ರಾಮರ್‌ಗಳು ಪರದೆಯನ್ನು ನೋಡಿ ನೋಡಿಯೇ ಹೊಸದನ್ನು ಕಟ್ಟುತ್ತಿದ್ದರು. ಈ ಇಬ್ಬರು ಏನು ಬರೆದುಕೊಡುತ್ತಾರೋ ಅದೇ ಮೂಲ.

ಮೊದಲ ದಿನ ಗೆರೆ ಬೇಗ ಬಂದು ಎಡಗುರ್ಚಿಯಲ್ಲಿ ಕೂತಿದ್ದಳು. ಹೊಸದಾಗಿ ಸೇರಿದವಳು, ಪದ್ಧತಿ ಗೊತ್ತಿರಲಿಲ್ಲ. ಬಾಗಿಲ ಬಳಿ ಒಬ್ಬ ಬಂದು ನಿಂತ. ಟೀವಿ ನೋಡಲು ಬಂದ ಮೆಕ್ಯಾನಿಕ್ ಇರಬೇಕೆಂದುಕೊಂಡಳು.

"ಸ್ವಲ್ಪ ಬೇಗ ನೋಡಿ. ಬಲಗಡೆ ಮಬ್ಬಾಗಿದೆ."

ಅವನು ಟೀವಿಯ ಹಿಂದೆ ಕೈಹಾಕಿ ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿದ. ಚಿತ್ರ ತಿಳಿಯಾಯಿತು.

"ಆಯ್ತು, ಥ್ಯಾಂಕ್ಸ್. ಹೋಗ್ತಾ ಬಾಗಿಲು ಹಾಕ್ಕೊಳ್ಳಿ."

"ಹಾಕ್ಕೊಳ್ತೀನಿ, ಒಳಗಿಂದ" ಎಂದ ಅವನು. "ನೀವು ಕೂತಿರೋದು ನನ್ನ ಕುರ್ಚಿ."

ಅವಳು ಕಿವಿಯವರೆಗೂ ಕೆಂಪಾಗಿ ಬಲಗುರ್ಚಿಗೆ ಸರಿದಳು. ಅವನು ಕೂತು, ಕಂಟ್ರೋಲರ್ ಎತ್ತಿಕೊಂಡು, ಅವಳತ್ತ ತಿರುಗದೆಯೇ, "ಒಂದು, ಎರಡು, ಹೂಂ" ಎಂದ.

ಈ ಕೆಲಸದಲ್ಲಿ ಪಕ್ಕದವರ ಮುಖ ನೋಡಲು ಸಮಯವಿರುವುದಿಲ್ಲ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತರೂ ಕಣ್ಣು ಪರದೆಯ ಮೇಲೇ ಇರಬೇಕು. ಆದರೆ ಮೂಲದಲ್ಲಿ ಒಂದು ಮಹಡಿ ಮುಗಿದು ಇನ್ನೊಂದು ಬರುವ ಮುನ್ನ ಹಳೆಯ ಯಂತ್ರಕ್ಕೆ ನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ಆ ನಾಲ್ಕು ಸೆಕೆಂಡು ಟೀವಿ ಪೂರ್ತಿ ಕಪ್ಪು. ಕಪ್ಪು ಗಾಜಿನಲ್ಲಿ ಎರಡು ಮುಖಗಳು.

ಗೆರೆಗೆ ಇದು ತಿಳಿದದ್ದು ಮೂರನೆಯ ದಿನ. ಕತ್ತಲು ಬಿದ್ದಾಗ ಅವಳು ಯೋಚಿಸುತ್ತ ಪೆನ್ಸಿಲಿನ ತುದಿ ಕಚ್ಚುತ್ತಿದ್ದಳು.

"ತಿಂದು ಮುಗಿಸಿದ್ರೆ ಬರೆಯೋದು ಯಾವುದ್ರಲ್ಲಿ?" ಎಂದ ಅವನು, ಅತ್ತಿತ್ತ ನೋಡದೆ.

ಆಗ ಅವಳು ಗಾಜನ್ನು ನೋಡಿದಳು. ಅವನು ಅಲ್ಲಿದ್ದ. ಉಬ್ಬಿದ ಗಾಜಿನಲ್ಲಿ ಅಗಲವಾದ ಹಣೆ, ಮೊದಲು ಎಡ ಹುಬ್ಬು ಮೇಲಕ್ಕೆ, ಅದರ ಹಿಂದೆಯೇ ತುಟಿಯ ಒಂದು ಕೊನೆ. ನಗು ಪೂರ್ತಿಯಾಗುವಷ್ಟರಲ್ಲಿ ಐದನೆಯ ಮಹಡಿ ಬಂದು ಮುಖವನ್ನು ಅಳಿಸಿಹಾಕಿತು.

ಅಂದಿನಿಂದ ಅವಳು ಮಹಡಿ ಮುಗಿಯುವ ಹೊತ್ತಿಗೆ ಸರಿಯಾಗಿ ಕಿವಿಯ ಹಿಂದೆ ಕೂದಲು ಸೇರಿಸಿಕೊಳ್ಳುತ್ತಿದ್ದಳು. ಅವನು ಅಂಗಿಯ ಕಾಲರ್ ಎಳೆದುಕೊಳ್ಳುತ್ತಿದ್ದ. ಹತ್ತು ಸಲ ಆಡಿದರೆ ಸಾಕಾಗುವ ಮಹಡಿಯನ್ನು ಹದಿಮೂರು ಸಲ ಆಡುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ; ಶ್ರದ್ಧೆ ಎಂದುಕೊಂಡರು. ಆ ಕತ್ತಲಲ್ಲಿ ಮಾತಿರುತ್ತಿರಲಿಲ್ಲ. ಅವನು ಹುಬ್ಬು ಏರಿಸಿದರೆ ಅವಳು ಮೂಗು ಸುಕ್ಕುಮಾಡುತ್ತಿದ್ದಳು. ಅವಳು ತಲೆ ಓರೆ ಮಾಡಿದರೆ ಅವನೂ ಅದೇ ಬದಿಗೆ ಓರೆ ಮಾಡುತ್ತಿದ್ದ, ಪೋರ್ಟು ಮೂಲವನ್ನು ಅನುಸರಿಸುವ ಹಾಗೆ. ಒಮ್ಮೆ ಅವಳು ಕೋಪ ನಟಿಸಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವನೂ ಮುಚ್ಚಿಕೊಂಡಿದ್ದ, ಆಗಷ್ಟೇ ಒಂದು ರೆಪ್ಪೆ ಕದ್ದು ತೆರೆಯುತ್ತಿದ್ದ.

ಪೋರ್ಟಿನಲ್ಲಿ ಈ ಕತ್ತಲು ಇರಲಿಲ್ಲ. ಹೊಸ ಯಂತ್ರ ಚುರುಕು, ಒಂದು ಮಹಡಿ ಮುಗಿದ ತಕ್ಷಣ ಇನ್ನೊಂದು. ಗೆರೆ ಅದನ್ನೂ ಪಟ್ಟಿಯಲ್ಲಿ ಬರೆದಳು: ಮೂಲದಲ್ಲಿ ನಾಲ್ಕು ಸೆಕೆಂಡು ಕತ್ತಲು, ಪೋರ್ಟಿನಲ್ಲಿ ಇಲ್ಲ.

"ಅದನ್ನೂ ಬರೀಬೇಕಾ?" ಎಂದು ಅವನು ಕೇಳಿದ.

"ಇದ್ದದ್ದು ಬರೀಬೇಕಲ್ಲ" ಎಂದು ಅವಳು ಗೆರೆ ಎಳೆದಳು. ಆಫೀಸಿನ ಮುಖ್ಯಸ್ಥರು ಆ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ "ಬೇಡ" ಎಂದು ಬರೆದು ಕಳಿಸಿದರು. ಕಾಯುವುದು ಯಾರಿಗೂ ಇಷ್ಟವಿಲ್ಲ ಎಂಬುದು ಅವರ ಅಭಿಪ್ರಾಯ.

ಒಂಬತ್ತನೆಯ ಮಹಡಿಯಲ್ಲಿ ಹೊಸದೊಂದು ವ್ಯತ್ಯಾಸ ಕಂಡಿತು. ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೂ ಮೂಲದ ಹೆಂಗಸು ಎರಡು ಫ್ರೇಮು ತಡವಾಗಿ ಹಾರಿದಳು. ಹನ್ನೆರಡನೆಯದರಲ್ಲಿ ಮೂರು. ಹದಿನೇಳನೆಯದಕ್ಕೆ ಬಂದಾಗ ಐದು. ಗಡಿಯಾರನ ಕೈಯನ್ನು ಸಂಶಯಿಸುವ ಯೋಚನೆ ಆ ಕಟ್ಟಡದಲ್ಲಿ ಯಾರಿಗೂ ಬರಲಿಲ್ಲ. ಮುಖ್ಯಸ್ಥರು ಹಳೆಯ ಕಂಟ್ರೋಲರಿನ ಗುಂಡಿ ಕೆಟ್ಟಿರಬೇಕೆಂದು ಅದನ್ನು ರಿಪೇರಿಗೆ ಕಳಿಸಿದರು. ಒಯ್ದವನು ಗಡಿಯಾರನೇ.

ಇಲ್ಲಿಗೆ ಬಂದಾಗ ರಿಪೇರಿಯವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟರು. ಕಂಟ್ರೋಲರನ್ನು ಬಿಚ್ಚಿ ನೋಡಿದವರು ಅವರೇ. ಒಳಗಿನ ರಬ್ಬರು ಹೊಸದರಂತಿತ್ತು, ತಾಮ್ರದ ಪಟ್ಟಿ ಹೊಳೆಯುತ್ತಿತ್ತು. ಕಾಯುತ್ತಿದ್ದ ಹುಡುಗನಿಗೆ ಕುಡಿಯಲು ನೀರಿನ ಬಾಟಲಿ ಕೊಟ್ಟರು. ಅವನು ಮುಚ್ಚಳವನ್ನು ಎರಡು ಸಲ ತಿರುಗಿಸಲು ನೋಡಿ, ಆಗದೆ, ಮುಖ ಅತ್ತ ಮಾಡಿ ಹಲ್ಲಿನಿಂದ ಕಚ್ಚಿ ತೆಗೆದ. ಬಲ ಹೆಬ್ಬೆರಳಿನ ಬುಡದಲ್ಲಿ ಮಾಂಸವಿರಬೇಕಾದ ಕಡೆ ಕುಳಿ ಬಿದ್ದಿತ್ತು.

ವೈದ್ಯರಿಗೆ ತೋರಿಸಿದ್ದೀಯಾ ಎಂದು ಕೇಳಿದರು. ತೋರಿಸಿದ್ದ. ನರಗಳ ಕಾಯಿಲೆ, ಮೊದಲು ಬೆರಳು, ಆಮೇಲೆ ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ಎರಡು ವರ್ಷ ಎಂದಿದ್ದರು. ಕಡಿಮೆಯೂ ಆಗಬಹುದು ಎಂದಿದ್ದರು.

"ಆಫೀಸಲ್ಲಿ ಹೇಳಿಲ್ವಾ?"

"ಹೇಳಿದ್ರೆ ಆ ಕುರ್ಚಿಯಲ್ಲಿ ಬೇರೆಯವರು ಕೂತ್ಕೊಳ್ತಾರೆ, ಮೇಡಂ. ಇನ್ನು ಹದಿಮೂರು ಮಹಡಿ ಇದೆ. ನೀವು ಸುಳ್ಳು ಹೇಳೋದೇನೂ ಬೇಡ. ಗುಂಡಿ ಚೆನ್ನಾಗಿದೆ ಅಂತ ಮಾತ್ರ ಬರೆದುಕೊಡಿ."

ರಿಪೇರಿಯವರು ಚೀಟಿ ಬರೆದುಕೊಟ್ಟರು: ಗುಂಡಿಯಲ್ಲಿ ದೋಷವಿಲ್ಲ. ಅದರಲ್ಲಿ ಸುಳ್ಳಿರಲಿಲ್ಲ. ತಾವು ಬರೆದ ಚೀಟಿಗಳಲ್ಲಿ ಎದೆಯ ಮೇಲೆ ಕಲ್ಲಿನ ಹಾಗೆ ಕೂತದ್ದು ಅದೊಂದೇ ಎಂದು ಅವರು ಆ ಭಾನುವಾರ ಹೇಳಿದರು.

ಚೀಟಿ ಗೆರೆಯ ಕೈಗೆ ಬಂತು. ಗುಂಡಿ ಸರಿಯಿದ್ದರೆ ತಡ ಎಲ್ಲಿಂದ ಬಂತು? ಅವಳು ಎರಡು ದಿನ ಅದನ್ನೇ ಯೋಚಿಸಿದಳು. ತಡ ಮಹಡಿಯಿಂದ ಮಹಡಿಗೆ ಹೆಚ್ಚುತ್ತಿದೆ. ಅಂದರೆ ಯಾರೋ ಬೇಕೆಂದೇ ಇಟ್ಟದ್ದು. ಮೂರನೆಯ ದಿನ ಅವಳು ಪಟ್ಟಿಯಲ್ಲಿ ಹೀಗೆ ಬರೆದು, ಗೆರೆ ಎಳೆದು, ಅವನ ಮುಂದಿಟ್ಟಳು:

"ಒಂಬತ್ತನೆಯ ಮಹಡಿಯಿಂದ ಮೇಲಕ್ಕೆ ಕಂದೀಲಿನವಳು ದಣಿಯುತ್ತ ಹೋಗುತ್ತಾಳೆ. ಗುಂಡಿ ಒತ್ತಿದರೂ ಹಾರುವ ಮುನ್ನ ಒಂದು ಉಸಿರು ತೆಗೆದುಕೊಳ್ಳುತ್ತಾಳೆ. ಆಟ ಕಟ್ಟಿದವರು ಇದನ್ನು ಎಲ್ಲಿಯೂ ಹೇಳಿಕೊಂಡಿಲ್ಲ, ಗಮನಿಸುವವರಿಗೆ ಬಿಟ್ಟಿದ್ದಾರೆ. ಪೋರ್ಟಿನವಳು ದಣಿಯುವುದಿಲ್ಲ. ದಣಿಯಬೇಕು."

ಅವನು ಅದನ್ನು ಎರಡು ಸಲ ಓದಿದ. ಹಾಳೆಯನ್ನು ಹಿಂದಿರುಗಿಸಲಿಲ್ಲ, ತೊಡೆಯ ಮೇಲಿಟ್ಟುಕೊಂಡ. ಆಟ ಶುರುವಾಯಿತು, ಮಹಡಿ ಮುಗಿಯಿತು, ಕತ್ತಲು ಬಂತು. ಗಾಜಿನಲ್ಲಿ ಅವನ ಕಣ್ಣು ಮೊದಲ ಬಾರಿಗೆ ಅವಳನ್ನು ಹುಡುಕಲಿಲ್ಲ. ಹಾಳೆಯ ಮೇಲೇ ಇತ್ತು.

"ತುಂಬ ಚೆನ್ನಾಗಿ ಬರೆದಿದ್ದೀಯ" ಎಂದ.

ಅಲ್ಲಿಯವರೆಗೆ ಅವನು ಅವಳನ್ನು ನೀವು ಎನ್ನುತ್ತಿದ್ದ. ಈಗ ಬರೆದಿದ್ದೀಯ ಎಂದನಲ್ಲ, ಆ ಒಂದು ಮಾತನ್ನು ಅವಳು ಸಂಜೆ ಮನೆಗೆ ಒಯ್ದಳು, ಮರುದಿನ ಬೆಳಿಗ್ಗೆ ಜೊತೆಗೇ ತಂದಳು. ಅದರ ಕೆಳಗೆ ಇನ್ನೇನೋ ಇತ್ತೆಂದು ಅವಳಿಗೆ ಹೊಳೆಯಲಿಲ್ಲ. ಹಾಳೆ ಪ್ರೋಗ್ರಾಮರ್‌ಗಳಿಗೆ ಹೋಯಿತು. ಅವರು ತಲೆದೂಗಿ, ಹೊಸ ಆಟದ ಕಂದೀಲಿನವಳಿಗೆ ದಣಿವನ್ನು ಕಲಿಸಿದರು, ಎಷ್ಟನೆಯ ಮಹಡಿಗೆ ಎಷ್ಟು ಎಂದು ಅಳೆದು.

ಮೂವತ್ತನೆಯ ಮಹಡಿಯಲ್ಲಿ ತಡ ಹನ್ನೊಂದು ಫ್ರೇಮು. ಈಗ ಎರಡು ಆಟಗಳೂ ತಡದಲ್ಲಿ ಒಂದಾಗಿದ್ದವು. ಕೊನೆಯ ಹೋಲಿಕೆ ಮುಗಿದ ಮಧ್ಯಾಹ್ನ ಗೋಪುರದ ದೀಪ ಹೊತ್ತಿಕೊಂಡಿತು. ಗೆರೆ ಮೊದಲೇ ನಿರ್ಧರಿಸಿದ್ದಳು. ಇವತ್ತು ಗಾಜನ್ನು ಬಿಟ್ಟು ನೇರವಾಗಿ ಅವನ ಕಡೆ ತಿರುಗುವುದು. ತಿರುಗಿದಳು. ಅವನು ಆಗಲೇ ಎದ್ದು ನಿಂತಿದ್ದ.

"ನಾಳೆಯಿಂದ ನಾನು ಬರಲ್ಲ. ಅಕ್ಕನ ಹತ್ತಿರ ಹೋಗ್ತಿದ್ದೀನಿ. ಬೇರೆ ಕೆಲಸ."

"ನನಗೇನೂ ಹೇಳೋದಿಲ್ವಾ?"

ಅವನು ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. "ಹೇಳೋದಿತ್ತು. ನಾಲ್ಕು ಸೆಕೆಂಡಲ್ಲಿ ಮುಗಿಯೋದಲ್ಲ" ಎಂದ. ಬ್ಯಾಗನ್ನು ಬಲ ಭುಜದಿಂದ ಎಡಕ್ಕೆ ಬದಲಾಯಿಸಿಕೊಂಡು ಹೋದ. ಫೋನ್ ಮಾಡಿದರೆ ಎತ್ತಲಿಲ್ಲ. ಹತ್ತು ದಿನ ಕಾದು, ತನ್ನನ್ನು ಬೇಡವೆಂದವನ ಹಿಂದೆ ಬೀಳಬಾರದೆಂದು ಅವಳು ಫೋನ್ ಮಾಡುವುದನ್ನು ಬಿಟ್ಟಳು. ಬಿಟ್ಟದ್ದನ್ನು ದಿನಕ್ಕೆ ನಾಲ್ಕು ಸಲ ನೆನಪಿಸಿಕೊಂಡಳು.

ನಾಲ್ಕು ತಿಂಗಳ ಮೇಲೆ ಪೋರ್ಟ್ ಬಿಡುಗಡೆಯಾಯಿತು. ಹಳೆಯ ಕನ್ಸೋಲನ್ನು ಇನ್ನೂ ಜೋಪಾನ ಮಾಡಿಕೊಂಡಿದ್ದ ಆಟಗಾರರು ಇದ್ದೇ ಇರುತ್ತಾರೆ. ವಾರ ಕಳೆಯುವುದರೊಳಗೆ ಅವರಲ್ಲೊಬ್ಬ ಎರಡನ್ನೂ ಅಕ್ಕಪಕ್ಕ ಇಟ್ಟು ಆಡಿ ವಿಡಿಯೊ ಹಾಕಿದ. ಮೂಲದ ಹೆಂಗಸು ಮೂವತ್ತನೆಯ ಮಹಡಿಯಲ್ಲೂ ಮೊದಲನೆಯದರಂತೆಯೇ ಚಿಮ್ಮುತ್ತಿದ್ದಳು. ಪೋರ್ಟಿನವಳು ಮೊಣಕಾಲು ನೋವಿನವಳ ಹಾಗೆ ತಡವರಿಸುತ್ತಿದ್ದಳು. ಜನ ನಕ್ಕರು. ಈ ಅಜ್ಜಿಗೆ ಕೋಲು ಕೊಡಿ ಎಂದು ಬರೆದರು.

ಮುಖ್ಯಸ್ಥರು ಗೆರೆಯನ್ನು ಕರೆಸಿದರು. ಕೂಗಾಡಲಿಲ್ಲ. ರಿಪೋರ್ಟಿನ ಆ ಹಾಳೆಯನ್ನು ಮುಂದಕ್ಕೆ ತಳ್ಳಿದರು.

"ಸಹಿ ನಿಮ್ಮದು. ಇಲ್ಲದ್ದನ್ನ ನೀವು ಹುಟ್ಟಿಸಿ ಬರೆದಿರಬೇಕು, ಇಲ್ಲಾ ನಿಮಗೆ ಕಣ್ಣು ಕಾಣಲ್ಲ. ಯಾವುದು ಅಂತ ಸೋಮವಾರ ಬರೆದುಕೊಡಿ."

ಈ ಕಸುಬಿನಲ್ಲಿ ಇರುವ ಬಂಡವಾಳವೆಂದರೆ ಕಣ್ಣಿನ ಮೇಲಿನ ನಂಬಿಕೆ ಒಂದೇ. ಅದು ಹೋದರೆ ಯಾವ ಆಫೀಸಿನಲ್ಲೂ ಆ ಕುರ್ಚಿಯಲ್ಲಿ ಕೂರಿಸುವವರಿಲ್ಲ. ಗೆರೆ ಬೂದು ಕೋಣೆಗೆ ಹೋಗಿ, ಎಡಗುರ್ಚಿಯಲ್ಲಿ ಕೂತು, ಮೂಲವನ್ನು ತಾನೇ ಆಡಿದಳು. ದಣಿವು ಇರಲಿಲ್ಲ. ಮತ್ತೆ ಆಡಿದಳು. ಇರಲಿಲ್ಲ.

ಆಮೇಲೆ ಹಳೆಯ ವಿಡಿಯೊಗಳನ್ನೆಲ್ಲ ತೆಗೆದು, ಪ್ರತಿ ನೆಗೆತದ ತಡವನ್ನೂ ಚೌಕುಳಿ ಹಾಳೆಯ ಮೇಲೆ ಚುಕ್ಕಿ ಇಡುತ್ತ ಹೋದಳು. ಮಹಡಿಯ ಪ್ರಕಾರ ಇಟ್ಟರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾದವು. ಯಾಕೆಂದರೆ ಕೊನೆಯ ವಾರದಲ್ಲಿ ಅವರು ಎರಡನೆಯ ಮಹಡಿಯನ್ನು ಮತ್ತೊಮ್ಮೆ ಪರೀಕ್ಷಿಸಿದ್ದರು. ಅಲ್ಲಿಯೂ ಹನ್ನೊಂದು ಫ್ರೇಮು ತಡವಿತ್ತು. ಅದನ್ನು ಅಂದು ಅವಸರದಲ್ಲಿ ಯಾರೂ ಗಮನಿಸಿರಲಿಲ್ಲ. ತಾರೀಖಿನ ಪ್ರಕಾರ ಇಟ್ಟಳು. ಚುಕ್ಕಿಗಳು ಸಾಲಾಗಿ ನಿಂತವು. ಸ್ಕೇಲಿಟ್ಟು ಎಳೆದರೆ ಒಂದೇ ಗೆರೆ, ದಿನದಿಂದ ದಿನಕ್ಕೆ ಮೇಲೇರುವ ಗೆರೆ.

ಗೋಪುರದಲ್ಲಿ ಯಾರೂ ದಣಿದಿರಲಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ದಣಿದಿದ್ದರು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

ಅವಳು ರಿಪೇರಿಯವರ ಅಂಗಡಿಗೆ ಚೀಟಿ ಹಿಡಿದು ಬಂದಳು. ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದು ಇವರು ಒಪ್ಪಿಕೊಂಡರು. ಬಯ್ಯುತ್ತಾಳೆಂದು ಕಾದರು, ಅವಳು ವಿಳಾಸ ಕೇಳಿದಳು. ಹುಡುಗ ಅಂದು ರಸೀದಿ ಪುಸ್ತಕದಲ್ಲಿ ಬರೆಸಿದ್ದ ಅಕ್ಕನ ಮನೆಯ ವಿಳಾಸವನ್ನು ತೆಗೆದುಕೊಟ್ಟರು.

ಅಕ್ಕ ಶಾಲೆಯ ವ್ಯಾನ್ ಓಡಿಸುವವಳು. ಎರಡು ಕೋಣೆಯ ಮನೆ, ಮುಂದೆ ಹಳದಿ ವ್ಯಾನು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಗಾಜು ಒರೆಸುತ್ತಿದ್ದವಳು ಬಂದವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಗೆರೆ ಅಂದ್ರೆ ನೀನೇನಾ? ನೀನು ಬಂದ್ರೆ ಒಳಗೆ ಬಿಡಬೇಡ ಅಂತ ತಮ್ಮ ಹೇಳಿದ್ದಾನೆ. ಅವನು ಹೇಳಿದ್ದನ್ನ ನಿನಗೆ ಹೇಳಿದ್ದಾಯ್ತು. ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಬಾಮ್ಮ."

ಅವನು ಕಿಟಕಿಯ ಬಳಿ ಕೂತಿದ್ದ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಎರಡು ಕೈ, ಯಾರೋ ಮರೆತು ಇಟ್ಟುಹೋದ ಹಾಗೆ. ಮುಖ ಮಾತ್ರ ಗಾಜಿನಲ್ಲಿ ಕಂಡ ಮುಖವೇ.

"ಕೂತ್ಕೋ ಅನ್ನೋಕೆ ಇಲ್ಲಿ ಕುರ್ಚಿ ಒಂದೇ" ಎಂದ. ಮಾತು ಸ್ವಲ್ಪ ತೊದಲುತ್ತಿತ್ತು. "ಈ ಸಲ ಬಿಟ್ಟುಕೊಡೋಕೆ ನನಗಾಗಲ್ಲ."

ಅವಳು ನೆಲದ ಮೇಲೆ ಕೂತು ಚೌಕುಳಿ ಹಾಳೆಯನ್ನು ದಿಂಬಿಗೆ ಒರಗಿಸಿಟ್ಟಳು. ಅವನು ಬಹಳ ಹೊತ್ತು ನೋಡಿದ.

"ಇದು ನಾನಾ?"

"ನೀನೇ. ನಿಧಾನ ಆಗೋದ್ರಲ್ಲೂ ಒಂದು ಚುಕ್ಕಿ ಆಚೀಚೆ ಆಗಿಲ್ಲ. ಗಡಿಯಾರ ಅಂತ ಸುಮ್ಮನೆ ಹೆಸರಿಟ್ಟಿಲ್ಲ." ಅಷ್ಟು ಹೇಳುವವರೆಗೆ ಅವಳ ದನಿ ಸರಿಯಾಗಿತ್ತು. "ಒಂದು ಕುರ್ಚಿಗೋಸ್ಕರ ನನ್ನ ಕೈಯಲ್ಲಿ ಸುಳ್ಳು ಬರೆಸಿದೆಯಲ್ಲ."

"ಕುರ್ಚಿ ಯಾರಿಗೆ ಬೇಕಿತ್ತು? ನಾಲ್ಕು ಸೆಕೆಂಡು ಬೇಕಿತ್ತು."

ಹೊರಗೆ ಅಕ್ಕ ಬಕೆಟ್ಟಿನ ನೀರು ಚೆಲ್ಲಿದ ಸದ್ದು ಕೇಳಿಸಿತು.

"ಆ ಹಾಳೆ ಕೊಟ್ಟಾಗ ಹೇಳಬೇಕಿತ್ತು" ಎಂದು ಅವನೇ ಮುಂದುವರಿಸಿದ. "ನನ್ನ ಕೈಗೆ ಏನಾಗ್ತಿದೆ ಅಂತ ಡಾಕ್ಟ್ರು ಹೇಳಿದ್ರು, ಕೇಳಿದ್ದೆ. ನೀನು ಅದನ್ನೇ ದಣಿವು ಅಂತ ಬರೆದೆ. ಹಾರೋ ಮುಂಚೆ ಒಂದು ಉಸಿರು ತಗೊಳ್ತಾಳೆ ಅಂತ. ಅಷ್ಟು ಮರ್ಯಾದೆಯಿಂದ ನನಗೆ ಯಾರೂ ಹೇಳಿರಲಿಲ್ಲ. ಅಳಿಸು ಅನ್ನೋಕೆ ಬಾಯಿ ಬರಲಿಲ್ಲ."

ಅವಳು ದಿಂಬಿನ ಮೇಲಿದ್ದ ಬಲಗೈಯನ್ನು ಎತ್ತಿ, ಕುಳಿ ಬಿದ್ದ ಜಾಗವನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೈಯಲ್ಲಿ ಭಾರವೇ ಇರಲಿಲ್ಲ.

ಸೋಮವಾರ ಕೊಡಬೇಕಾದ ಉತ್ತರವನ್ನು ಅಲ್ಲೇ ಕೂತು ಬರೆದಳು. ಕಣ್ಣು ತಪ್ಪಿತು ಎಂದು ತನ್ನ ಮೇಲೆ ಹಾಕಿಕೊಳ್ಳುತ್ತೇನೆಂದು ಹೊರಟಿದ್ದಳು, ಅವನು ಬಿಡಲಿಲ್ಲ. ಇದ್ದದ್ದು ಬರಿ ಎಂದ. ಕೊನೆಗೆ ಕಾಗದದಲ್ಲಿ ಇದ್ದದ್ದು ಇಷ್ಟು: "ಮೂಲವನ್ನು ಆಡಿದವನ ಬಲ ಹೆಬ್ಬೆರಳು ಕಾಯಿಲೆಯಿಂದ ಸೋಲುತ್ತಿತ್ತು. ಅವನು ಹೇಳಲಿಲ್ಲ. ನಾನು ನೋಡಲಿಲ್ಲ." ಕೊನೆಯ ವಾಕ್ಯ ತೆಗೆಯೆಂದು ಅವನು ಕೇಳಿದ. ಅವಳು ಅದರ ಕೆಳಗೆ ಗೆರೆ ಎಳೆದಳು.

ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. ಕೆಲಸ ಉಳಿಯಿತು. ದಣಿವನ್ನು ತೆಗೆದುಹಾಕುವ ಅಪ್‌ಡೇಟ್ ಮಾಡಬೇಕೆಂದು ಆದೇಶವಾಯಿತು. ಪ್ರೋಗ್ರಾಮರ್‌ಗಳು ಬೇರೆ ಆಟದಲ್ಲಿ ಮುಳುಗಿದ್ದರಿಂದ ಅದಕ್ಕೆ ಏಳು ತಿಂಗಳು ಹಿಡಿಯಿತು.

ಆ ಏಳು ತಿಂಗಳೂ ಗೆರೆ ಕೆಲಸ ಮುಗಿಸಿ ಹಳದಿ ವ್ಯಾನಿನ ಮನೆಗೆ ಹೋಗುತ್ತಿದ್ದಳು. ಕೈಯಲ್ಲಿ ಹಿಡಿದು ಆಡಬಹುದಾದ ಆ ಹೊಸ ಕನ್ಸೋಲನ್ನು ದಿಂಬಿನ ಮೇಲಿಟ್ಟು, ಗುಂಡಿಯ ಮೇಲೆ ಅವನ ಹೆಬ್ಬೆರಳನ್ನು, ಅದರ ಮೇಲೆ ತನ್ನದನ್ನು ಇಡುತ್ತಿದ್ದಳು. ಅವನು ಒತ್ತಲು ಹೊರಟದ್ದು ಬೆರಳಿನ ಅಡಿಯಲ್ಲಿ ಸಣ್ಣ ನಡುಕವಾಗಿ ತಿಳಿಯುತ್ತಿತ್ತು. ಆಗ ಅವಳು ಒತ್ತುತ್ತಿದ್ದಳು. ನಡುಕವೂ ನಿಂತ ಮೇಲೆ ಅವನು ರೆಪ್ಪೆ ಬಡಿಯುತ್ತಿದ್ದ, ಅದನ್ನು ನೋಡಿ ಒತ್ತುತ್ತಿದ್ದಳು. ಪರದೆಯಲ್ಲಿ ಕಂದೀಲಿನವಳು ಅವನದೇ ಹಳೆಯ ತಡದಲ್ಲಿ, ಹಾರುವ ಮುನ್ನ ಒಂದು ಉಸಿರು ತೆಗೆದುಕೊಂಡು, ಹಾರುತ್ತಿದ್ದಳು. ಮಹಡಿ ಮುಗಿದಾಗ ಪೋರ್ಟಿನಲ್ಲಿ ಕತ್ತಲು ಬರುವುದಿಲ್ಲವಲ್ಲ. ಗೆರೆ ತಾನೇ ಸ್ಕ್ರೀನ್ ಆರಿಸಿ ನಾಲ್ಕು ಎಣಿಸುತ್ತಿದ್ದಳು. ಅಂಗೈಯಗಲದ ಕಪ್ಪು ಗಾಜಿನಲ್ಲಿ ಎರಡು ಮುಖಗಳು ಕೆನ್ನೆಗೆ ಕೆನ್ನೆ ತಾಗಿಸಿದರೆ ಮಾತ್ರ ಹಿಡಿಸುತ್ತಿದ್ದವು.

ಮದುವೆಯ ಮಾತೆತ್ತಿದವಳು ಅವಳೇ. ನಿನ್ನ ಪಟ್ಟಿಗೆ ಇನ್ನೊಂದು ತಪ್ಪು ಸೇರಿಸಬೇಡ ಎಂದು ಅವನು ತೊದಲಿದ. ಆಗಲೇ ಬರೆದು ಗೆರೆ ಎಳೆದಾಗಿದೆ ಎಂದಳು. ಅದರ ಬಗ್ಗೆ ಮತ್ತೆ ಮಾತಾಗಲಿಲ್ಲ. ಅಕ್ಕ ಮರುದಿನ ಪಕ್ಕದ ಶಾಲೆಯಿಂದ ಬೇಡದ ಕುರ್ಚಿಯೊಂದನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದು ಅವನ ಬಲಗಡೆ ಇಟ್ಟಳು. ಆ ಮನೆಯಲ್ಲಿ ನಡೆದ ಮದುವೆ ಅಷ್ಟೇ ಎಂದು ರಿಪೇರಿಯವರ ಲೆಕ್ಕ.

ಇಪ್ಪತ್ತೆರಡನೆಯ ಮಹಡಿಯಲ್ಲಿ ಆಟ ನಿಂತಿತು. ಅಕ್ಕನ ಫೋನು ಬಂದದ್ದು ಬೆಳಗಿನ ಕೆಲಸದ ಹೊತ್ತಿನಲ್ಲಿ. ಗೆರೆ ಹೋಗುವಷ್ಟರಲ್ಲಿ ದಿಂಬನ್ನು ತೆಗೆದಾಗಿತ್ತು.

ಒಂಬತ್ತು ದಿನಗಳ ಮೇಲೆ ಅಪ್‌ಡೇಟ್ ಸಿದ್ಧವಾಗಿ ಬಂತು. ಅದನ್ನು ಮೂಲದ ಜೊತೆ ಕೊನೆಯ ಬಾರಿ ಹೋಲಿಸಿ, ಸರಿಯಿದೆ ಎಂದು ಬರೆದರೆ ಲೋಕದಲ್ಲಿರುವ ಎಲ್ಲ ಕಂದೀಲುಗಳಿಂದಲೂ ದಣಿವು ಅಳಿಸಿಹೋಗುತ್ತದೆ. ಬೇರೆ ಯಾರಾದರೂ ಮಾಡಲಿ ಎಂದರು ಮುಖ್ಯಸ್ಥರು. ಗೆರೆ ಒಪ್ಪಲಿಲ್ಲ. ಮೂಲವನ್ನು ಈಗ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ. ಎಡಗುರ್ಚಿಯಲ್ಲಿ ಕೂತಳು. ಬಲಗುರ್ಚಿಗೆ ಹೊಸದಾಗಿ ಸೇರಿದ ಹುಡುಗಿ ಬಂದಳು, ಕೈಯಲ್ಲಿ ಚೂಪಾಗಿ ಹೆರೆದ ಪೆನ್ಸಿಲು. ತಡ ಅತಿ ಹೆಚ್ಚಿದ್ದ ಮೂವತ್ತನೆಯ ಮಹಡಿಯನ್ನೇ ಮೊದಲು ತೆಗೆದರು.

ಒಂದು, ಎರಡು, ಹೂಂ. ಇಬ್ಬರೂ ಒತ್ತಿದರು. ವಿಡಿಯೊ ತಿರುಗಿಸಿ ಫ್ರೇಮಿಗೆ ಫ್ರೇಮು ನೋಡಿದರು. ಪೋರ್ಟಿನವಳು ತಟ್ಟನೆ ಚಿಮ್ಮಿದ್ದಳು. ಮೂಲದವಳು ಹಾರುವ ಮುನ್ನ ಒಂದು ಉಸಿರು ತೆಗೆದುಕೊಂಡಿದ್ದಳು.

ಹೊಸ ಹುಡುಗಿ ಎಣಿಸಿ, ಪಟ್ಟಿಯಲ್ಲಿ ಬರೆಯತೊಡಗಿದಳು. "ಮೂಲದಲ್ಲಿ ಹನ್ನೊಂದು ಫ್ರೇಮು ತಡ ಇದೆ, ಅಕ್ಕಾ. ಹಾಗಾದ್ರೆ ಮೊದಲಿನ ರಿಪೋರ್ಟೇ ಸರಿ. ದಣಿವು ಇದೆ. ತೆಗೀಬೇಡಿ ಅಂತ ಬರೀಲಾ?"

ಗೆರೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಏಳು ತಿಂಗಳು ಇನ್ನೊಂದು ಬೆರಳಿಗೆ ಕಾದು ಕಾದು ಅದು ಕಾಯುವುದನ್ನೇ ಕಲಿತಿತ್ತು. ಹೂಂ ಎಂದು ತಲೆಯಾಡಿಸಿದರೆ ಸಾಕು. ಸುಳ್ಳನ್ನು ಅವಳು ಹೇಳಬೇಕಾಗಿಯೂ ಇರಲಿಲ್ಲ. ಪೆನ್ಸಿಲು ತಾನಾಗಿ ಬರೆಯುತ್ತಿತ್ತು. ದಣಿವು ಉಳಿಯುತ್ತಿತ್ತು, ಆ ಗೋಪುರ ಹತ್ತುವ ಪ್ರತಿಯೊಬ್ಬರ ಕೈಯಲ್ಲೂ. ಅವನು ಆ ದಿನ ಇದೇ ಕುರ್ಚಿಯಲ್ಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಏನನ್ನು ನುಂಗಿದ್ದನೆಂದು ಅವಳಿಗೆ ಈಗ ಪೂರ್ತಿ ಗೊತ್ತಾಯಿತು.

"ಹೊಡೆದುಹಾಕು" ಎಂದಳು. "ಅದು ಆಟ ಅಲ್ಲ. ನನ್ನ ಕೈ."

ಹುಡುಗಿ ಬರೆದದ್ದನ್ನು ಹೊಡೆದುಹಾಕಿದಳು. ಮತ್ತೆ ಆಡಿದರು. ಒಂದು, ಎರಡು, ಹೂಂ. ಈ ಸಲ ಗೆರೆ ಯಾರಿಗೂ ಕಾಯಲಿಲ್ಲ. ಎರಡು ಕಂದೀಲುಗಳೂ ಒಟ್ಟಿಗೆ ಮೇಲೆದ್ದವು, ಮೊದಲ ಮಹಡಿಯಿಂದ ಮೂವತ್ತನೆಯದರವರೆಗೆ. ಪ್ರತಿ ಮಹಡಿ ಮುಗಿದಾಗಲೂ ಹಳೆಯ ಟೀವಿ ಕಪ್ಪಾಯಿತು. ಗಾಜಿನಲ್ಲಿ ಎಡಕ್ಕೆ ಗೆರೆ ಇದ್ದಳು, ಅವನ ಜಾಗದಲ್ಲಿ. ಬಲಕ್ಕೆ ಪೆನ್ಸಿಲು ಕಚ್ಚುವ ಅಪರಿಚಿತ ಹುಡುಗಿಯೊಬ್ಬಳು ಇದ್ದಳು.

ಕೆಲಸ ಮುಗಿದ ಮೇಲೆ ಪಟ್ಟಿಯ ಕೊನೆಯಲ್ಲಿ ಗೆರೆ ಬರೆದಳು: ವ್ಯತ್ಯಾಸವಿಲ್ಲ. ಸ್ಕೇಲು ಕೈಯಲ್ಲೇ ಇತ್ತು. ಆ ಮಾತಿನ ಕೆಳಗೆ ಗೆರೆ ಎಳೆಯಲಿಲ್ಲ.

ರಿಪೇರಿಯವರು ಇಷ್ಟು ಹೇಳಿ ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡರು. ಆ ಕಪ್ಪು ಟೀವಿ, ಆ ಕನ್ಸೋಲ್ ಈಗ ಎಲ್ಲಿವೆ ಎಂದು ಕೇಳುಗರಲ್ಲೊಬ್ಬರು ಕೇಳಿದರು. ಆಫೀಸಿನಲ್ಲೇ ಇವೆ, ಕಂಟ್ರೋಲರನ್ನು ವರ್ಷಕ್ಕೊಮ್ಮೆ ಗೆರೆಯೇ ಇಲ್ಲಿಗೆ ತರುತ್ತಾಳೆ, ಬಿಚ್ಚಿ ಧೂಳು ತೆಗೆದು ಕೊಡುತ್ತೇನೆ ಎಂದರು. ಚೀಟಿ ಕೇಳುತ್ತಾಳೆ. ಅದೇ ಮಾತು ಬರೆದುಕೊಡುತ್ತೇನೆ, ಗುಂಡಿಯಲ್ಲಿ ದೋಷವಿಲ್ಲ ಎಂದು.

ಅಂಗಡಿಯಲ್ಲಿ ಬೆಳಕು ಕಡಿಮೆಯಾಗಿತ್ತು. ಸಾಲಾಗಿ ಜೋಡಿಸಿದ ಕೆಟ್ಟ ಟೀವಿಗಳ ಗಾಜುಗಳಲ್ಲಿ ಕೂತವರ ಮುಖಗಳು ಕಾಣುತ್ತಿದ್ದವು, ಯಾರೂ ಅತ್ತ ನೋಡಲಿಲ್ಲ. ಸ್ಟೂಲಿನ ಮೇಲಿದ್ದವರು ಮೊದಲು ಎದ್ದರು. ಉಳಿದವರು ಬಟ್ಟೆಗಂಟಿದ ಧೂಳು ಕೊಡವಿಕೊಂಡು, ಚಪ್ಪಲಿ ಹುಡುಕಿಕೊಂಡು, ಅರ್ಧ ಇಳಿದ ಷಟರಿನ ಅಡಿಯಲ್ಲಿ ಒಬ್ಬೊಬ್ಬರಾಗಿ ಬಗ್ಗಿ ಬೀದಿಗೆ ಬಂದು ತಮ್ಮ ತಮ್ಮ ಮನೆಗೆ ಹೋದರು.